ಕೊಬ್ಬರಿ ಮಂಡಿಯ ಲೆಕ್ಕದಿಂದ ಡೇಟಾ ಸೈನ್ಸಿಗೆ: ಐಐಟಿ ಮದ್ರಾಸ್ ಬಿಎಸ್, ಫೌಂಡೇಶನ್ ಮುಗಿಸಿದ ಮೇಲೆ

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಓದಿದ್ದು ಬಿ.ಎ., ಇತಿಹಾಸ ಮತ್ತು ಐಚ್ಛಿಕ ಕನ್ನಡ. ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಈಗ ಐಐಟಿ ಮದ್ರಾಸಿನ ಆನ್‌ಲೈನ್ ಡಿಗ್ರಿ, ಬಿಎಸ್ ಡೇಟಾ ಸೈನ್ಸ್ (ಅಂಕಿಅಂಶಗಳಿಂದ ಅರ್ಥ ತೆಗೆಯೋ ವಿದ್ಯೆ) ಅಂಡ್ ಅಪ್ಲಿಕೇಶನ್ಸ್ ಕೋರ್ಸಿನ ಮೊದಲ ಹಂತ, ಫೌಂಡೇಶನ್, ಮುಗಿಸಿದ್ದೇನೆ. "ಬಿ.ಎ. ಓದಿದವರಿಗೆ ಇದು ಆಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ಒಂದು ಕಡೆ ದುಡ್ಡು ಕಳೆದುಕೊಂಡೆ. ಬೆಂಗಳೂರಿನ ಒಂದು ಆನ್‌ಲೈನ್ ಕೋಚಿಂಗ್ ಸಂಸ್ಥೆ. ಆರು ತಿಂಗಳಿಗೆ 45,000 ರೂಪಾಯಿ, ಕೆಲಸ ಗ್ಯಾರಂಟಿ ಅಂದಿದ್ದರು. ಎರಡನೇ ವಾರಕ್ಕೇ ಒಂದು ಪ್ರೋಗ್ರಾಂ ಕಳಿಸಿ, "ಈ ಸಾಲುಗಳನ್ನು ಕಾಪಿ ಮಾಡಿ ರನ್ ಮಾಡಿ" ಅಂದರು. ಪರದೆ ಮೇಲೆ 92 ಪರ್ಸೆಂಟ್ ಅಂತ ಬಂತು. "ಸಾರ್, ಯಾವುದರಲ್ಲಿ 92?" ಅಂತ ಕೇಳಿದೆ. "ಅದೆಲ್ಲ ಮುಂದೆ ಗೊತ್ತಾಗುತ್ತೆ" ಅಂದರು. ಮೂರು ತಿಂಗಳಾದರೂ ಗೊತ್ತಾಗಲಿಲ್ಲ. ಬಿಟ್ಟೆ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಐಐಟಿ ಕೋರ್ಸಿನ ವಿಷಯ ಹೇಳಿದ್ದು ನನ್ನ ತಮ್ಮ. ಐಐಟಿ ಅಂದ ತಕ್ಷಣ ಜೆಇಇ ಪ್ರವೇಶ ಪರೀಕ್ಷೆ ಬರೀಬೇಕು ಅಂದುಕೊಂಡಿದ್ದೆ. ಹಾಗೇನಿಲ್ಲ. 2020ರಲ್ಲಿ ಶುರುವಾದ ಈ ಕೋರ್ಸಿಗೆ ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು, ಪಿಯುಸಿ ಪಾಸಾಗಿರಬೇಕು. ಪಿಯುಸಿ ಆರ್ಟ್ಸ್ ಆದರೂ ಪರವಾಗಿಲ್ಲ, ವಯಸ್ಸಿನ ಮಿತಿ ಇಲ್ಲ. ಮೊದಲು ಕ್ವಾಲಿಫೈಯರ್ ಅಂತ ನಾಲ್ಕು ವಾರ ಪಾಠ. ಇಂಗ್ಲಿಷ್, ಗಣಿತ, ಸ್ಟಾಟಿಸ್ಟಿಕ್ಸ್, ಕಂಪ್ಯುಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸೋ ಕ್ರಮ), ಒಟ್ಟು ನಾಲ್ಕು ವಿಷಯ. ವಾರವಾರ ಅಸೈನ್‌ಮೆಂಟ್ ಕೊಡುತ್ತಾರೆ. ಅದರಲ್ಲಿ ಸಾಕಷ್ಟು ಅಂಕ ಬಂದರೆ ನಾಲ್ಕು ಗಂಟೆಯ ಪರೀಕ್ಷೆ. ನನಗೆ ಇದರಲ್ಲಿ ಇಷ್ಟವಾಗಿದ್ದು ಒಂದಿದೆ. ಪಾಠ ಕೊಟ್ಟು, ಅದೇ ಪಾಠದ ಮೇಲೆ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ. ನೀವು ಮೊದಲು ಏನು ಓದಿದ್ದಿರಿ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ.

ಕಂಪ್ಯುಟೇಶನಲ್ ಥಿಂಕಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರೊ. ಮಾಧವನ್ ಮುಕುಂದ್ ಮತ್ತು ಪ್ರೊ. ಜಿ. ವೆಂಕಟೇಶ್ ಪಾಠ ಮಾಡುತ್ತಾರೆ. ಮೊದಲ ವಾರಗಳಲ್ಲಿ ಕೋಡಿಂಗ್ ಇಲ್ಲವೇ ಇಲ್ಲ. ಒಂದು ಕಟ್ಟು ಕಾರ್ಡು ಇಟ್ಟುಕೊಂಡು ಕೂರುತ್ತಾರೆ. ಒಂದೊಂದು ಕಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಯ ಅಂಕ, ಇನ್ನೊಂದು ಕಟ್ಟಿನಲ್ಲಿ ಅಂಗಡಿಯ ಬಿಲ್ಲು. ಮೇಲಿನ ಕಾರ್ಡು ತೆಗೆದು ನೋಡು, ಈವರೆಗಿನ ದೊಡ್ಡ ಅಂಕಕ್ಕಿಂತ ಇದು ದೊಡ್ಡದಾದರೆ ಅದನ್ನು ಬರೆದುಕೋ, ಕಾರ್ಡು ಪಕ್ಕದ ಕಟ್ಟಿಗೆ ಹಾಕು, ಮುಂದಿನದು ತೆಗೆ. ಕಟ್ಟು ಖಾಲಿಯಾದಾಗ ಕೊನೆಗೆ ಬರೆದುಕೊಂಡಿರುವುದೇ ಉತ್ತರ. ನಾನು ಅಲ್ಲೇ ವಿಡಿಯೋ ನಿಲ್ಲಿಸಿದೆ. ಹರಾಜಿನ ದಿನ ಸಂಜೆ ತೂಕದ ಚೀಟಿಗಳ ಕಟ್ಟು ಮುಂದಿಟ್ಟುಕೊಂಡು ನಾನು ಮಾಡೋದು ಇದನ್ನೇ ಅಲ್ವಾ! ಯಾವ ರೈತರ ಲಾಟಿಗೆ (ಹರಾಜಿಗಿಟ್ಟ ರಾಶಿಗೆ) ಹೆಚ್ಚು ರೇಟು ಬಂತು, ಯಾರ ಚೀಟಿ ಎರಡು ಸಲ ಬಂದಿದೆ ಅಂತ ಒಂದೊಂದೇ ತಿರುವಿ ಹಾಕುತ್ತೇನೆ. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಒಂದು ಹೆಸರಿದೆ, ಒಂದು ಕ್ರಮವಿದೆ ಅಂತ ಅವತ್ತು ಗೊತ್ತಾಯಿತು. ಆ ರಾತ್ರಿ ಹನ್ನೊಂದೂವರೆಯವರೆಗೆ ಎದ್ದಿದ್ದು ಮೂರು ಪಾಠ ನೋಡಿದೆ.

ಸ್ಟಾಟಿಸ್ಟಿಕ್ಸ್ ಕೂಡ ಹೀಗೇ ಹಿಡಿಸಿತು. ಮಂಡಿಯಲ್ಲಿ "ಇವತ್ತು ಸರಾಸರಿ ಏನು ಹೋಯ್ತು?" ಅಂತ ರೈತರು ಕೇಳುತ್ತಾರೆ. ಐದು ಲಾಟು ಅಂತ ಇಟ್ಟುಕೊಳ್ಳಿ. ಕ್ವಿಂಟಾಲಿಗೆ 8,500, 8,550, 8,600, 8,700, ಐದನೆಯದು ಮುಗ್ಗಲು ಹಿಡಿದು 5,000ಕ್ಕೆ ಹೋಯಿತು. ಸರಾಸರಿ 7,870. ಆದರೆ ಆ ರೇಟಿನ ಹತ್ತಿರ ಒಂದು ಲಾಟೂ ಹೋಗಿಲ್ಲ! ಮಧ್ಯಾಂಕ, ಅಂದರೆ ರೇಟುಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರೋದು, ತೆಗೆದರೆ 8,550. ರೈತರಿಗೆ ಬೇಕಾಗಿದ್ದ ಉತ್ತರ ಅದು. ಈಗ ನಾನು ಎರಡನ್ನೂ ಬರೆದಿಡುತ್ತೇನೆ. ನಮ್ಮ ಸಾಹುಕಾರರೂ ಅದನ್ನೇ ಕೇಳೋಕೆ ಶುರು ಮಾಡಿದ್ದಾರೆ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ಎರಡು ತಿಂಗಳು ಇದೇ ದೊಡ್ಡ ಕಷ್ಟ. ಅಣ್ಣನ ಮನೆಯಿಂದ ಹಳೇ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ತಂದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ ಬರೆದೆ. ಸೆಟ್ ಅಂದರೆ ಗಣ. ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ. ಪ್ರಾಬಬಿಲಿಟಿ ಅಂದರೆ ಸಂಭವನೀಯತೆ. ಸ್ಟ್ಯಾಂಡರ್ಡ್ ಡೀವಿಯೇಶನ್ ಪಕ್ಕದಲ್ಲಿ ಮಾನಕ ವಿಚಲನೆ ಅಂತ ಬರೆದಾಗ ಅರ್ಧ ಭಯ ಹೋಯಿತು. ಇದು ನನಗೆ ಗೊತ್ತಿದ್ದದ್ದೇ, ಹೆಸರು ಮಾತ್ರ ಬೇರೆ. ಸೇರುವವರಿಗೆ ನನ್ನ ಒಂದೇ ಒಂದು ಒತ್ತಾಯ: ಆ ಹಳೇ ಪುಸ್ತಕ ರದ್ದಿಗೆ ಹಾಕಬೇಡಿ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ನಿಧಾನಕ್ಕೆ ಬಂತು. ಎರಡು ಚೀಲದ ತೂಕ ಕೂಡಿಸೋ ಪ್ರೋಗ್ರಾಂ ಬರೆದೆ. 42 ಮತ್ತು 38 ಕೊಟ್ಟರೆ 4238 ಅಂತ ಬಂತು. ನಾವು ಟೈಪ್ ಮಾಡಿದ್ದನ್ನು ಅದು ಅಕ್ಷರ ಅಂತ ತಿಳಿದುಕೊಳ್ಳುತ್ತೆ, ಸಂಖ್ಯೆ ಅಂತ ನಾವೇ ಹೇಳಬೇಕು. ಇದು ತಲೆಗೆ ಹೋಗೋಕೆ ಒಂದು ದಿನ ಹಿಡಿಯಿತು. ಆದರೆ ಹೋದದ್ದು ಮತ್ತೆ ಮರೆತಿಲ್ಲ.

ಖರ್ಚಿನ ಮಾತು. ನಾನು 2023ರಲ್ಲಿ ಸೇರಿದಾಗ ಕ್ವಾಲಿಫೈಯರಿಗೆ 3,000, ಆಮೇಲೆ ಫೌಂಡೇಶನ್ನಿನ ಒಂದೊಂದು ಕೋರ್ಸಿಗೆ 4,000 ರೂಪಾಯಿ. ಒಟ್ಟು ಎಂಟು ಕೋರ್ಸು. ನಾಲ್ಕು ತಿಂಗಳ ಒಂದು ಟರ್ಮಿಗೆ ನಮ್ಮ ಕೈಲಾದಷ್ಟು ತೆಗೆದುಕೊಂಡು, ಅಷ್ಟಕ್ಕೇ ಕಟ್ಟಬಹುದು. ನಾನು ಎರಡೆರಡೇ ತೆಗೆದುಕೊಂಡೆ. ಜಾತಿ ಮತ್ತು ಆದಾಯದ ಮೇಲೆ ಶುಲ್ಕದಲ್ಲಿ ರಿಯಾಯಿತಿ ಇದೆ, ಪ್ರಮಾಣಪತ್ರ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಶುಲ್ಕ ಈಚೆಗೆ ಎಷ್ಟಿದೆ ಅಂತ ಕಟ್ಟುವ ಮುಂಚೆ ಅವರ ವೆಬ್‌ಸೈಟಿನಲ್ಲಿ ನೋಡಿ.

ಪಾಠ ಮನೆಯಲ್ಲೇ, ಆದರೆ ಕ್ವಿಝ್ ಮತ್ತು ಟರ್ಮಿನ ಕೊನೆಯ ಪರೀಕ್ಷೆಗೆ ಕೇಂದ್ರಕ್ಕೆ ಹೋಗಿಯೇ ಬರೀಬೇಕು. ನಾನು ಭಾನುವಾರ ಬೆಳಗ್ಗೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಹೋಗುತ್ತಿದ್ದೆ. ಮನೆ ತಲುಪುವಾಗ ರಾತ್ರಿ ಹತ್ತಾಗುತ್ತಿತ್ತು. ಅವತ್ತೆಲ್ಲ ನಮ್ಮ ಯಜಮಾನ್ರು ಅಡುಗೆ ಮಾಡಿ ಮಗಳನ್ನು ನೋಡಿಕೊಂಡರು. ಓಡಾಟ ಸುಸ್ತು, ನಿಜ. ಆದರೆ ಎದುರಿಗೆ ಕೂತು ಬರೆದ ಅಂಕ ಅಂತ ನನಗೇ ಒಂದು ಧೈರ್ಯ ಬಂತು.

ಒಂದು ಕೋರ್ಸಿಗೆ ವಾರಕ್ಕೆ ಹತ್ತು ಗಂಟೆ ನನಗೆ ಬೇಕಾಯಿತು. ಆರು ತಿಂಗಳಲ್ಲಿ ಕೆಲಸ ಸಿಗಲೇಬೇಕು ಅನ್ನುವವರಿಗೆ ಇದು ಸರಿಹೋಗೋದಿಲ್ಲ. ನನಗೆ ಎಂಟು ಕೋರ್ಸಿಗೆ ನಾಲ್ಕು ಟರ್ಮು, ಅಂದರೆ ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು. ಮುಂದೆ ಡಿಪ್ಲೊಮಾ, ಆಮೇಲೆ ಡಿಗ್ರಿ. ಯಾವ ಹಂತದಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಸರ್ಟಿಫಿಕೇಟ್ ಸಿಗುತ್ತೆ. ನನ್ನ ಕಡೆಯಿಂದ ಐದಕ್ಕೆ ಐದು.

ಅನುಮಾನ ಇದ್ದವರು ಸುಮ್ನೆ ಒಂದು ಕೆಲಸ ಮಾಡಿ. ಪಾಠದ ವಿಡಿಯೋಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಕಂಪ್ಯುಟೇಶನಲ್ ಥಿಂಕಿಂಗ್ ಮೊದಲ ವಾರ ಹುಡುಕಿ. ಮನೆಯಲ್ಲಿರುವ ಕಿರಾಣಿ ಬಿಲ್ಲುಗಳನ್ನು ಒಂದು ಕಟ್ಟು ಮಾಡಿ ಮುಂದಿಟ್ಟುಕೊಂಡು, ಅವರ ಜೊತೆಗೇ ಒಂದೊಂದು ಬಿಲ್ಲು ತಿರುವಿ ಹಾಕುತ್ತಾ ನೋಡಿ.