ಹಾಯಿದೋಣಿಯ ಪಾಲಿಯೆಸ್ಟರ್ ಹಗ್ಗ: ಆರು ವರ್ಷ ಎಳೆದು, ತೊಳೆದು, ಒಣಗಿಸಿದ ಮೇಲೆ

ಕನ್ನಂಬಾಡಿ ಹಿನ್ನೀರಿನಲ್ಲಿ ನಮ್ಮದೊಂದು ಪುಟ್ಟ ಹಾಯಿದೋಣಿ ಇದೆ. ಇಬ್ಬರು ಕೂರುವ ಎಂಟರ್‌ಪ್ರೈಸ್ ಎಂಬ ಮಾದರಿ, ನೀಲಿ ಹಾಯಿಯದು. ಮನೆ ಬೆಂಗಳೂರಿನ ಬನಶಂಕರಿಯಲ್ಲಿ. ದೋಣಿ ಅಲ್ಲೇ ದಡದಲ್ಲಿರುತ್ತದೆ, ಹಗ್ಗಗಳು ಮಾತ್ರ ವರ್ಷಕ್ಕೆ ಎರಡು ಸಲ ಕಾರಿನ ಡಿಕ್ಕಿಯಲ್ಲಿ ನಮ್ಮ ಜೊತೆ ಊರಿಗೆ ಬಂದು, ಸ್ನಾನ ಮುಗಿಸಿಕೊಂಡು ವಾಪಸ್ ಹೋಗುತ್ತವೆ. ನಾನು ಬರೆಯುತ್ತಿರುವುದು ದೊಡ್ಡ ಹಾಯಿಯನ್ನು ಎಳೆದು ಬಿಡುವ ಹಗ್ಗದ ಬಗ್ಗೆ. ದೋಣಿಯವರು ಅದನ್ನು ಮೇನ್‌ಶೀಟ್ ಅನ್ನುತ್ತಾರೆ. 8 ಮಿಲಿಮೀಟರ್ ದಪ್ಪದ, ಒಳಗೊಂದು ಹೊರಗೊಂದು ಹೆಣಿಗೆ ಇರುವ ಪಾಲಿಯೆಸ್ಟರ್ ಹಗ್ಗ. 2019ರಲ್ಲಿ ಮೀಟರಿಗೆ 140 ರೂಪಾಯಿಯಂತೆ ಹತ್ತು ಮೀಟರ್ ಕೊಂಡೆ. ಇವತ್ತಿಗೂ ಅದೇ ಹಗ್ಗ ಓಡುತ್ತಿದೆ.

ಅದಕ್ಕೂ ಮೊದಲು ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ತೂಕದ ಲೆಕ್ಕದಲ್ಲಿ ತಂದ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದೆವು. ಅದು ಪಾಲಿಪ್ರೊಪಿಲೀನ್. ನೀರಲ್ಲಿ ತೇಲುತ್ತದೆ, ಅಗ್ಗ. ಆದರೆ ಬಿಸಿಲು ತಾಗಿದರೆ ಅದಕ್ಕೆ ಉಳಿಗಾಲವಿಲ್ಲ. ಒಂದೇ ಬೇಸಿಗೆಗೆ ಮೈಯೆಲ್ಲ ಬಿರುಸಾಗಿ, ಮುರಿದ ಎಳೆಗಳು ಅಂಗೈಗೆ ಸೂಜಿಯ ಹಾಗೆ ಚುಚ್ಚುತ್ತಿದ್ದವು. ಜುಲೈ ತಿಂಗಳ ಜೋರು ಗಾಳಿಯಲ್ಲಿ ಒಂದು ದಿನ ನಡುನೀರಿನಲ್ಲೇ ತುಂಡಾಯಿತು. ಹಾಯಿ ಪಟಪಟ ಹೊಡೆದುಕೊಳ್ಳುತ್ತಿದ್ದರೆ ತಮ್ಮನೂ ನಾನೂ ಬರೀ ಮುಂದಿನ ಹಾಯಿಯಲ್ಲಿ ದಡ ಸೇರಿದೆವು. ಆವತ್ತಿನಿಂದ ಹಗ್ಗದ ವಿಷಯದಲ್ಲಿ ನಾನು ಅಗ್ಗ ನೋಡಿಲ್ಲ.

ಪಾಲಿಯೆಸ್ಟರನ್ನೇ ಯಾಕೆ ಆರಿಸಿದೆ ಅಂದರೆ, ಅದು ಎಳೆದರೆ ಹೆಚ್ಚು ಹಿಗ್ಗುವುದಿಲ್ಲ, ನೆನೆದರೂ ಬಲ ಕಳೆದುಕೊಳ್ಳುವುದಿಲ್ಲ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ನೈಲಾನ್ ಹಾಗಲ್ಲ. ಅದು ನೀರು ಕುಡಿಯುತ್ತದೆ, ನೆನೆದಾಗ ಬಲ ಸ್ವಲ್ಪ ಕುಗ್ಗುತ್ತದೆ, ರಬ್ಬರಿನಂತೆ ಹಿಗ್ಗುತ್ತದೆ. ಆ ಹಿಗ್ಗುವ ಗುಣ ಲಂಗರಿನ ಹಗ್ಗಕ್ಕೆ ವರ, ಹಾಯಿಯ ಹಗ್ಗಕ್ಕೆ ಶಾಪ. ಹಾಯಿ ಏರಿಸುವ ಹಗ್ಗಕ್ಕೆ ನಾವು ಡೈನೀಮಾ ಎಂಬ ಬಲವಾದ ಕೃತಕ ನೂಲಿನದು ಹಾಕಿದ್ದೇವೆ. ಕೂದಲಿನಷ್ಟು ಹಗುರ, ಜಗ್ಗುವುದು ತೀರಾ ಕಡಿಮೆ. ಆದರೆ ಅದು ಸುಮಾರು 150 ಡಿಗ್ರಿಗೇ ಕರಗುತ್ತದೆ, ಪಾಲಿಯೆಸ್ಟರ್ 250 ದಾಟಬೇಕು. ಉಜ್ಜಾಟದ ಬಿಸಿ ಇರುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ.

ಮೊದಲ ಎರಡು ವರ್ಷ ನಾವು ಹಗ್ಗ ತೊಳೆಯಲೇ ಇಲ್ಲ. ಸಮುದ್ರದಲ್ಲಾದರೆ ಉಪ್ಪು, ಇದು ಕಾವೇರಿಯ ಸಿಹಿನೀರು, ಇದಕ್ಕೇನು ತೊಳೆಯುವುದು ಅಂದುಕೊಂಡಿದ್ದೆವು. ಅದು ತಪ್ಪು. ಅಣೆಕಟ್ಟು 124.80 ಅಡಿ ತುಂಬಿದಾಗ ನೀರು ಕಾಲಬುಡದಲ್ಲೇ ಇರುತ್ತದೆ, ನಿಜ. ಬೇಸಿಗೆಯಲ್ಲಿ ಅದು ಇಳಿದು ಇಳಿದು ದೂರ ಹೋದಾಗ ದೋಣಿಯನ್ನು ಕೆಸರಿನ ಮೇಲೆ ಎಳೆದುಕೊಂಡು ಹೋಗಬೇಕು, ಹಗ್ಗಗಳೂ ಆ ಹೂಳಿನಲ್ಲಿ ಹೊರಳುತ್ತವೆ. ಸಣ್ಣ ಮರಳು ಹೊರಹೆಣಿಗೆ ದಾಟಿ ಒಳಗೆ ಸೇರುತ್ತದೆ. ಹಗ್ಗ ರಾಟೆಯ ಮೇಲೆ ಬಾಗಿದಾಗಲೆಲ್ಲ ಆ ಮರಳು ಒಳಗಿನ ಎಳೆಗಳನ್ನು ಅರದಂತೆ ತಿಕ್ಕುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಡಲಿನ ಉಪ್ಪಿನ ಹರಳು ಮಾಡುವುದೂ ಇದನ್ನೇ. ಎರಡನೇ ವರ್ಷದ ಕೊನೆಗೆ ನಮ್ಮ ಮೇನ್‌ಶೀಟ್ ಒಣಗಿದ ಬಳ್ಳಿಯಂತೆ ಸೆಟೆದುಕೊಂಡಿತ್ತು. ಸುತ್ತಿದರೆ ಸುರುಳಿ ನಿಲ್ಲುತ್ತಿರಲಿಲ್ಲ, ರಾಟೆಯಲ್ಲಿ ಕಿರ್ ಅನ್ನುತ್ತಿತ್ತು.

ಮೊದಲ ಸಲ ಬಕೆಟ್ಟಿನಲ್ಲಿ ರಾತ್ರಿಯಿಡೀ ಬರೀ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ನೀರು ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಬೆರಳಿಗೆ ಸಿಗುವಷ್ಟು ಹೂಳು. ಆ ನೀರು ಚೆಲ್ಲಿ ಮತ್ತೆ ನೆನೆಹಾಕಿದೆ. ನಾಲ್ಕನೇ ನೀರಿನ ಹೊತ್ತಿಗೆ ತಿಳಿಯಾಯಿತು.

ಇಲ್ಲಿ ಬೆಂಗಳೂರಿನ ಪಾಡೂ ಸೇರಿಕೊಳ್ಳುತ್ತದೆ. ನಮ್ಮ ಕಟ್ಟಡಕ್ಕೆ ಬೋರ್‌ವೆಲ್ ನೀರೂ ಇದೆ, ಕಾವೇರಿಯೂ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ನೊರೆ ಬರುವುದಿಲ್ಲ. ಸೋಪು ನೀರಿನ ಸುಣ್ಣದಂಶದ ಜೊತೆ ಸೇರಿ ಬಿಳಿ ಜಿಡ್ಡಾಗಿ ಎಳೆಗಳ ನಡುವೆ ಕೂರುತ್ತದೆ, ಹಗ್ಗ ಮೊದಲಿಗಿಂತ ಬಿರುಸಾಗುತ್ತದೆ. ಹಾಗಾಗಿ ನಾನು ಕಾವೇರಿ ನೀರು ಬಿಡುವ ದಿನ ನೋಡಿಕೊಂಡು ತೊಳೆಯುತ್ತೇನೆ, ರೇಷ್ಮೆ ಸೀರೆಗೆ ಬಳಸುವ ಸೌಮ್ಯ ದ್ರವ ಒಂದೇ ಮುಚ್ಚಳ ಹಾಕಿ. ಖಾರವಾದ ಸೋಪಿನ ಪುಡಿ ಬೇಡ, ಗಟ್ಟಿ ಕ್ಷಾರ ಪಾಲಿಯೆಸ್ಟರನ್ನು ನಿಧಾನವಾಗಿ ತಿನ್ನುತ್ತದೆ. ಕನ್ನಂಬಾಡಿಯಲ್ಲಿ ಕೊಳೆಯಾದ ಹಗ್ಗಕ್ಕೆ ಬೆಂಗಳೂರಿಗೆ ಕಾವೇರಿ ನೀರು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ಹತ್ತಿ ಬಂದ ಅದೇ ನದಿಯ ನೀರಿನಲ್ಲಿ ಸ್ನಾನ. ಇದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ವಾಷಿಂಗ್ ಮೆಷಿನ್‌ಗೂ ಹಾಕಬಹುದು, ಆದರೆ ಬಿಡಿಯಾಗಿ ಹಾಕಿದರೆ ಬಿಡಿಸಲಾಗದ ಗಂಟಾಗುತ್ತದೆ. ಮಲ್ಲಿಗೆ ಜಡೆ ಹಾಕುವ ಹಾಗೆ ಕುಣಿಕೆಯೊಳಗೆ ಕುಣಿಕೆ ತೂರಿಸುತ್ತಾ ಹಗ್ಗವನ್ನು ಸರಪಳಿ ಮಾಡಿ, ಹಳೇ ದಿಂಬಿನ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೇನೆ. ತಣ್ಣೀರು, ಮೆಲ್ಲಗೆ ತಿರುಗುವ ಸೆಟ್ಟಿಂಗ್. ಕೊನೆಯ ಜಾಲಾಟಕ್ಕೆ ಬಟ್ಟೆ ಮೃದು ಮಾಡುವ ದ್ರವ ಒಂದಿಷ್ಟು. ಡ್ರೈಯರ್ ಬೇಡವೇ ಬೇಡ.

ಮೊದಲ ಸಲ ತಾರಸಿಯ ನೆತ್ತಿಬಿಸಿಲಿಗೆ ಹರಡಲು ಹೊರಟಾಗ ಅಮ್ಮ ತಡೆದರು. "ನೈಲಾನ್ ಸೀರೆ ಬಿಸಿಲಿಗೆ ಹಾಕಿ ಹಾಕಿ ಹೇಗೆ ಹಿಂಜಿ ಹೋಯ್ತು ನೋಡಿದ್ಯಲ್ಲ, ಇದನ್ನ ನೆರಳಲ್ಲಿ ಹಾಕು ಕಣೇ" ಅಂದರು. ಅವರು ಹೇಳಿದ್ದೇ ಸರಿ. ಈಗ ಮೆಟ್ಟಿಲಿನ ಕಂಬಿಗೆ ದೊಡ್ಡ ಸುರುಳಿಯಾಗಿ ನೇತುಹಾಕಿ ಎರಡು ದಿನ ಗಾಳಿಗೆ ಬಿಡುತ್ತೇನೆ. ಒಳಹೆಣಿಗೆ ಒಣಗದೆ ಅಟ್ಟ ಸೇರಿದರೆ ಮುಗ್ಗಲು ಹಿಡಿಯುವುದು ಖಂಡಿತ.

ಒಂದು ತಪ್ಪಂತೂ ದುಬಾರಿಯಾಯಿತು. ಪಾಚಿ ಹಿಡಿದಿದ್ದ ನೈಲಾನ್ ಲಂಗರದ ಹಗ್ಗಕ್ಕೆ ಬ್ಲೀಚ್ ಹಾಕಿಬಿಟ್ಟೆ. ಫಳಫಳ ಬಿಳಿಯಾಯಿತು. ಎರಡು ತಿಂಗಳಲ್ಲಿ ಮೈಯೆಲ್ಲ ಜುಂಗೆದ್ದು, ಉಗುರಲ್ಲಿ ಕೆರೆದರೆ ಎಳೆ ಕಿತ್ತು ಬರುತ್ತಿತ್ತು. ಬ್ಲೀಚ್ ನೈಲಾನಿಗೆ ವಿಷ. ಕಾರು ತೊಳೆಯುವ ಒತ್ತಡದ ನೀರೂ ಬೇಡ. ಅದು ಹೆಣಿಗೆಯನ್ನು ಕೆದರಿ, ಮರಳನ್ನು ಇನ್ನೂ ಒಳಗೆ ತಳ್ಳುತ್ತದೆ.

ಒಣಗಿದ ಮೇಲೆ ಕಣ್ಣು ಮುಚ್ಚಿಕೊಂಡು ಇಡೀ ಹಗ್ಗವನ್ನು ಹೆಬ್ಬೆರಳು, ತೋರುಬೆರಳ ನಡುವೆ ಎಳೆಯುತ್ತೇನೆ. ನನ್ನ ಮಟ್ಟಿಗೆ ತೊಳೆಯುವುದರ ಅರ್ಧ ಪ್ರಯೋಜನ ಇದೇ. ಕೊಳೆ ಹೋದ ಹಗ್ಗ ತನ್ನ ನೋವನ್ನು ಬೆರಳಿಗೆ ಹೇಳುತ್ತದೆ. ಒಳಗೆ ಗಂಟು ಸಿಕ್ಕರೆ, ಒಂದು ಕಡೆ ಇದ್ದಕ್ಕಿದ್ದಂತೆ ತೆಳ್ಳಗಾದರೆ, ಹೊರಮೈ ಗಾಜಿನಂತೆ ನುಣುಪಾಗಿ ಗಟ್ಟಿಯಾಗಿದ್ದರೆ ಅಲ್ಲಿ ಎಚ್ಚರ. ಆ ನುಣುಪು ಉಜ್ಜಾಟಕ್ಕೆ ಕರಗಿದ ನೂಲು. ಮೇಲ್ಮೈಯ ಸಣ್ಣ ಜುಂಗಿಗೆ ಹೆದರಬೇಕಿಲ್ಲ, ಅದು ಒಳಗಿನದಕ್ಕೆ ಹೊದಿಕೆ. ನಾಲ್ಕನೇ ವರ್ಷ ನಮ್ಮ ಹಗ್ಗದಲ್ಲಿ ಕ್ಲೀಟಿನ (ಹಗ್ಗವನ್ನು ಕಚ್ಚಿ ಹಿಡಿದಿಡುವ ಸಾಧನ) ಹಲ್ಲು ಕಚ್ಚುವ ಜಾಗ ತೆಳ್ಳಗಾಗಿದ್ದು ಹೀಗೇ ಗೊತ್ತಾಯಿತು. ಹಗ್ಗದ ತಲೆಬಾಲ ಅದಲುಬದಲು ಮಾಡಿ ಕಟ್ಟಿದೆ, ಹಲ್ಲಿಗೆ ಹೊಸ ಜಾಗ ಸಿಕ್ಕಿತು.

ಕೊರತೆಗಳೂ ಇವೆ. ಕೆಂಪು ಗುರುತಿನ ಎಳೆ ಮೂರೇ ವರ್ಷಕ್ಕೆ ತಿಳಿಗುಲಾಬಿಯಾಯಿತು. ನೆನೆದಾಗ ಭಾರ. ತುದಿಯನ್ನು ಬರೀ ಬೆಂಕಿಯಲ್ಲಿ ಸುಟ್ಟು ಬಿಟ್ಟರೆ ಒಡೆದು ಹೊರಹೆಣಿಗೆ ಹಿಂದೆ ಸರಿಯುತ್ತದೆ. ಮೇಣದ ದಾರವನ್ನು ಬಿಗಿಯಾಗಿ ಸುತ್ತಿ ಹೊಲಿಯಲೇಬೇಕು, ಮಾರುವವರು ಇದನ್ನು ಹೇಳಿರಲಿಲ್ಲ. ಆದರೂ ಇದೇ ಹಗ್ಗವನ್ನು ಮತ್ತೆ ಕೊಳ್ಳುತ್ತೇನೆ. ಈ ಮಳೆಗಾಲ ಮುಗಿದ ಮೇಲೆ ಇದನ್ನು ಇಳಿಸಿ ದಡಕ್ಕೆ ದೋಣಿ ಕಟ್ಟಲು ಇಟ್ಟುಕೊಳ್ಳುವುದು, ಹಾಯಿಗೆ ಹೊಸದು ಹಾಕುವುದು ಅಂತ ತಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. ಈ ಸಲ ಹನ್ನೊಂದು ಮೀಟರ್ ತರುತ್ತೇನೆ, ಸವೆದ ತುದಿ ಒಂದೆರಡು ಸಲ ಕತ್ತರಿಸಿದರೂ ಸಾಲುವ ಹಾಗೆ.