ಪಿಎಚ್‌ಡಿ ಪ್ರಬಂಧವನ್ನು ಪುಸ್ತಕ ಮಾಡಿಸುವ ಮೊದಲು ನನ್ನ ಅನುಬಂಧ 3ರ ಕಥೆ ಕೇಳಿ

ಹೋದ ವಾರ ಧಾರವಾಡದ ಸಪ್ತಾಪುರದಲ್ಲಿ, ಝೆರಾಕ್ಸ್ ಅಂಗಡಿಯ ಮುಂದೆ ಒಬ್ಬ ಹುಡುಗ ಸಿಕ್ಕಿದ. ಕಂಕುಳಲ್ಲಿ ಹಾರ್ಡ್ ಬೈಂಡ್ ಮಾಡಿಸಿದ ಮಹಾಪ್ರಬಂಧ, ಮುಖದಲ್ಲಿ ವೈವಾ ಮುಗಿಸಿದವರ ಕಳೆ. "ಮೇಡಮ್, ಇದನ್ನ ಬುಕ್ ಮಾಡಿಸ್ಬೇಕಂತ ಮಾಡೇನ್ರಿ. ಹುಬ್ಬಳ್ಳ್ಯಾಗ ಒಬ್ರು ಹದಿನೈದು ದಿನದಾಗ ಮಾಡಿ ಕೊಡ್ತಾರಂತ" ಎಂದ. ಯಾವ ಜಾಗ ಎಂದು ಕೇಳಿದೆ. ಮೂರು ವರ್ಷದ ಹಿಂದೆ ನಾನು ಹತ್ತಿದ್ದ ಅದೇ ಮೆಟ್ಟಿಲು! ಬೋರ್ಡಿನ ಮೇಲಿನ ಹೆಸರು ಮಾತ್ರ ಬೇರೆ. ಹಾಗಾಗಿ ಇಲ್ಲಿ ಹೆಸರು ಬರೆದು ಉಪಯೋಗವಿಲ್ಲ. ಅವನಿಗೆ ಅಲ್ಲೇ ನಿಂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪ್ರಬಂಧದ ವಿಷಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳ ದುಡಿಮೆ. ಬ್ಯಾಡಗಿ ನನ್ನ ತವರು. ಆ ಕಾಯಿಯ ಕೆಂಪು ಎಲ್ಲರಿಗೂ ಗೊತ್ತು. ಡಬ್ಬಿ, ಕಡ್ಡಿ ಎಂಬ ತಳಿಗಳು ಗೊತ್ತು. 2011ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದ್ದನ್ನೂ ಪೇಪರಿನಲ್ಲಿ ಓದಿರುತ್ತೀರಿ. ವ್ಯಾಪಾರಿ ಕೊಂಡ ಮೇಲೆ ಆ ರಾಶಿಯ ಮುಂದೆ ಕೂತು ಒಂದೊಂದೇ ಕಾಯಿಯ ತೊಟ್ಟು ಕೀಳುವವರು ಯಾರು, ಅವರ ಕೈ ರಾತ್ರಿ ಎಷ್ಟು ಉರಿಯುತ್ತದೆ, ಇದು ಯಾವ ಪೇಪರಿನಲ್ಲೂ ಅಷ್ಟಾಗಿ ಬರಲ್ಲ. ಐದು ವರ್ಷ ಅವರ ಜೊತೆ ಕೂತೆ. 112 ಜನರನ್ನು ಮಾತಾಡಿಸಿದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕೆಮ್ಮುತ್ತಲೇ ಉತ್ತರ ಹೇಳಿದರು. ನಾನೂ ಕೆಮ್ಮುತ್ತಲೇ ಬರೆದುಕೊಂಡೆ.

ಪದವಿ ಬಂತು. ಪ್ರಬಂಧ ಶೋಧಗಂಗಾಕ್ಕೆ, ಅಂದರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಎಲ್ಲರೂ ಓದಲೆಂದು ಇಡುವ ಜಾಲತಾಣಕ್ಕೆ, ಏರಿತು. ಅದಾಗಿ ಕೆಲವೇ ದಿನಕ್ಕೆ ಹೊರದೇಶದ ಕಂಪನಿಯೊಂದರಿಂದ ಮೇಲ್ ಬಂತು, "ನಿಮ್ಮ ಅಮೂಲ್ಯ ಸಂಶೋಧನೆಯನ್ನು ಉಚಿತವಾಗಿ ಪ್ರಕಟಿಸುತ್ತೇವೆ" ಎಂದು. ನನ್ನ ಪ್ರಬಂಧ ಇರುವುದು ಕನ್ನಡದಲ್ಲಿ. ಅದನ್ನು ಓದಬಲ್ಲವರು ಅಲ್ಲಿ ಒಬ್ಬರೂ ಇರಲಾರರು ಅನ್ನಿಸಿ ಅಳಿಸಿಹಾಕಿದೆ. ಆಗ ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಓದದೆ ಹೊಗಳುವವರು ನಮ್ಮ ಊರಲ್ಲೂ ಇರುತ್ತಾರೆ ಅಂತ ಹೊಳೆಯಲಿಲ್ಲ, ನೋಡಿ.

ಆಗ ನಾನು ಅತಿಥಿ ಉಪನ್ಯಾಸಕಿ. ಕಾಲೇಜು ಅಧ್ಯಾಪಕರ ನೇಮಕದ ಬಗ್ಗೆ ಇರುವ ಯುಜಿಸಿಯ 2018ರ ನಿಯಮದಲ್ಲಿ ರಾಷ್ಟ್ರೀಯ ಪ್ರಕಾಶಕರಿಂದ ಬಂದ ಪುಸ್ತಕಕ್ಕೆ 10 ಅಂಕ ಇದೆ. ಆ ಹತ್ತು ಅಂಕ ಎಲ್ಲಿ, ಯಾವ ಹುದ್ದೆಗೆ ಲೆಕ್ಕಕ್ಕೆ ಬರುತ್ತದೆ ಎಂದು ನಾನು ಸರಿಯಾಗಿ ವಿಚಾರಿಸಲೂ ಇಲ್ಲ. ಎಲ್ಲರೂ ಮಾಡಿಸುತ್ತಿದ್ದರು, ನಾನೂ ಹೊರಟೆ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿವೆ, ಧಾರವಾಡದಲ್ಲೇ ಹಳೆಯ ಪ್ರಕಾಶನಗಳಿವೆ. ಅಲ್ಲಿ ಕೊಟ್ಟರೆ ಯಾರೋ ಓದಿ, ತಿದ್ದಿ ಎಂದು ವಾಪಸ್ ಕೊಟ್ಟು, ಮತ್ತೆ ಓದಿ, ಅದೆಲ್ಲ ಯಾವ ಕಾಲಕ್ಕೆ ಮುಗಿಯಬೇಕು ಅನ್ನಿಸಿತು. ನನಗೆ ಬೇಗ ಬೇಕಿತ್ತು.

ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಎರಡನೇ ಮಹಡಿಯಲ್ಲಿ ಒಂದು ಕೋಣೆ. ಎರಡು ಕಂಪ್ಯೂಟರ್, ಗೋಡೆ ತುಂಬ ಮುಖಪುಟಗಳು. ಅಲ್ಲಿದ್ದ ಪ್ರಕಾಶಕರು ನನ್ನ ಪ್ರಬಂಧವನ್ನು ಎರಡೂ ಕೈಯಲ್ಲಿ ಎತ್ತಿ, ತೂಕ ನೋಡುವವರ ಹಾಗೆ ಒಮ್ಮೆ ಕುಲುಕಿ, "ಎಷ್ಟು ಪೇಜ್ ಅದಾವ್ರಿ?" ಎಂದರು. 312 ಎಂದೆ. "ಛಲೋ ಆತು, ದಪ್ಪನ ಬುಕ್ ಆಗ್ತದ." ಇಷ್ಟೇ. ವಿಷಯ ಏನು ಎಂದು ಅವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ನಾನು ಆಗಲೇ ಎದ್ದು ಬರಬೇಕಿತ್ತು. ಚಹಾ ತರಿಸಿದ್ದರು, ಕೂತೆ.

300 ಪ್ರತಿಗೆ 55 ಸಾವಿರ. ಅದರಲ್ಲಿ ಐಎಸ್‌ಬಿಎನ್ ನಂಬರಿಗೆಂದೇ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆಂದೇ, ಐದು ಸಾವಿರ. ಲೈಬ್ರರಿ ಸಗಟು ಖರೀದಿಗೆ ಹಾಕಿಸಿ ಕೊಟ್ಟ ದುಡ್ಡೆಲ್ಲ ವಾಪಸ್ ಬರುವ ಹಾಗೆ ಮಾಡುತ್ತೇವೆ ಎಂದರು. ಅಪ್ಪ ಇಟ್ಟಿದ್ದ ಎಫ್‌ಡಿ ಮುರಿಸಿದೆ. ಬಾಂಡ್ ಪೇಪರಿನ ಮೇಲೆ ಕರಾರು ಸಿದ್ಧವಿತ್ತು. ಸಹಿ ಹಾಕುವಾಗ ಅವರು ಬೆರಳಿಟ್ಟು ತೋರಿಸಿದ ಜಾಗ ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ. ಐದು ವರ್ಷ ಸಂಶೋಧನೆ ಮಾಡಿದವಳು ಎರಡು ಪುಟದ ಕಾಗದ ಓದಲಿಲ್ಲ ಎಂದರೆ ನಗಬೇಡಿ.

ಪ್ರೂಫ್ ಕೇಳಿದೆ. "ನಿಮ್ಮದೇ ಸಾಫ್ಟ್ ಕಾಪಿ ಅಲ್ರಿ, ಮತ್ತೇನ್ ಪ್ರೂಫ್?" ಎಂದರು. ಹೌದಲ್ಲ ಅನ್ನಿಸಿತು.

ಹದಿನೈದು ದಿನ ಅಂದದ್ದು ಎರಡು ತಿಂಗಳಾಗಿ ಪುಸ್ತಕ ಬಂತು. ಮುಖಪುಟದ ಮೇಲೆ ಉದ್ದನೆಯ, ಹೊಳೆಯುವ, ವಿದೇಶಿ ಮೆಣಸಿನಕಾಯಿಯ ಚಿತ್ರ. ಬ್ಯಾಡಗಿ ಕಾಯಿಗೆ ಸುಕ್ಕೇ ಗುರುತು! ಒಳಗೆ ತೆರೆದರೆ ಮೊದಲ ಪುಟದಲ್ಲೇ "ಪಿಎಚ್‌ಡಿ ಪದವಿಗಾಗಿ ಸಲ್ಲಿಸಿದ ಮಹಾಪ್ರಬಂಧ". ಅದರ ಹಿಂದೆ ನನ್ನ ಮಾರ್ಗದರ್ಶಕರು ಸಹಿ ಮಾಡಿದ ಪ್ರಮಾಣಪತ್ರ, ಸೀಲಿನ ಸಮೇತ. ನಾನು ಟೈಪ್ ಮಾಡಿಸಿದ್ದು ನುಡಿ ತಂತ್ರಾಂಶದಲ್ಲಿ. ಅವರು ಅದನ್ನು ಯೂನಿಕೋಡಿಗೆ ತಿರುಗಿಸಿ, ತಿರುಗಿ ನೋಡಿಲ್ಲ. ಅರ್ಕಾವೊತ್ತುಗಳೆಲ್ಲ ಜಾಗ ಬಿಟ್ಟು ಓಡಿದ್ದವು. "ವರ್ಷ" ಇದ್ದಲ್ಲೆಲ್ಲ "ವಷರ್", "ಅರ್ಥ" ಇದ್ದಲ್ಲೆಲ್ಲ "ಅಥರ್", "ಕಾರ್ಯ" ಹೋಗಿ "ಕಾಯರ್". ನಾಲ್ಕನೇ ಅಧ್ಯಾಯದಲ್ಲಿ "ಕೋಷ್ಟಕ 4.7 ನೋಡಿ" ಎಂದಿದೆ. ನೋಡೋಣವೆಂದರೆ ಕೋಷ್ಟಕ 4.7 ಇಲ್ಲವೇ ಇಲ್ಲ. ಪ್ರತಿ ಎಣಿಸಿದರೆ 180. ಉಳಿದದ್ದು "ಲೈಬ್ರರಿಗೆ" ಎಂದರು. ಯಾವ ಲೈಬ್ರರಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಒಂದು ಪ್ರತಿ ಕೊಟ್ಟೆ. ಅವರು ಐಎಸ್‌ಬಿಎನ್ ಹಾಕಿ ಹುಡುಕಿದರು. ಪರದೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡೊಂದು ಬಂತು. 13 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸುತ್ತ ಹೋಗಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕಂತೆ. ಅವರು ಪೆನ್ನು ತೆಗೆದು ಕೂಡಿ ತೋರಿಸಿದರು. ಭಾಗ ಸರಿಯಾಗೇ ಹೋಯಿತು. ನಂಬರು ಅಸಲಿ, ನನ್ನದಲ್ಲ ಅಷ್ಟೆ. ಇನ್ನೊಂದು ಮಾತನ್ನೂ ಅವರೇ ಹೇಳಿದರು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ. ಅದಕ್ಕೆ ಶುಲ್ಕವಿಲ್ಲ. ಲೇಖಕರೇ ಅರ್ಜಿ ಹಾಕಬಹುದು. ನಾನು ಐದು ಸಾವಿರ ಕೊಟ್ಟಿದ್ದೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ನೆ ಇರುತ್ತಿದ್ದೆ.

ಪುಸ್ತಕ ಹೇಗೇ ಇರಲಿ, ಅದರಲ್ಲಿರುವವರಿಗೆ ಕೊಡಬೇಕಲ್ವಾ ಎಂದು ಮೂವತ್ತು ಪ್ರತಿ ಕಟ್ಟಿಕೊಂಡು ಬ್ಯಾಡಗಿಗೆ ಹೋದೆ. ಒಂದು ಗುರುವಾರ, ಟೆಂಡರಿನ ದಿನ. ಗೋದಾಮಿನ ಅಂಗಳದಲ್ಲಿ ಹತ್ತು ಹನ್ನೆರಡು ಜನ ರಾಶಿ ಸುತ್ತ ಕೂತಿದ್ದರು. ಖುಷಿಪಟ್ಟರು. ಕೈ ಖಾರವಾಗಿದೆ ಎಂದು ಪುಸ್ತಕವನ್ನು ಮುಟ್ಟದೆ ಸೆರಗಿನಲ್ಲಿ ಹಿಡಿದುಕೊಂಡರು. ಒಬ್ಬಾಕೆಯ ಮಗಳು ಪಿಯುಸಿ ಓದುವವಳು, "ನಮ್ಮವ್ವನ ಹೆಸರು ಎಲ್ಲೈತಿ?" ಎಂದು ಹಿಂದಿನಿಂದ ಪುಟ ತಿರುವಿ, ಸಿಕ್ಕ ಕೂಡಲೇ ಗಟ್ಟಿಯಾಗಿ ಓದತೊಡಗಿದಳು.

ಅದು ಅನುಬಂಧ 3. ಪ್ರಶ್ನಾವಳಿಗೆ ಬಂದ ಉತ್ತರಗಳ ಪಟ್ಟಿ. ಪರೀಕ್ಷಕರು ನೋಡಲಿ ಎಂದು ಪ್ರಬಂಧದ ಕೊನೆಯಲ್ಲಿ ಸೇರಿಸಿದ್ದು. ಹೆಸರು, ವಯಸ್ಸು, ಓಣಿ, ದಿನದ ಕೂಲಿ, ಯಾರ ಹತ್ತಿರ ಎಷ್ಟು ಮುಂಗಡ ತಗೊಂಡಿದ್ದಾರೆ, ಗಂಡ ಕುಡಿಯುತ್ತಾನೋ ಇಲ್ಲವೋ. ಎಲ್ಲ ಇದೆ. ಹುಡುಗಿ ಓದುತ್ತ ಓದುತ್ತ ಮುಂಗಡದ ಕಾಲಮ್ಮಿಗೆ ಬಂದು, ಇಬ್ಬರು ವ್ಯಾಪಾರಿಗಳ ಹತ್ತಿರ ಒಂದೇ ಹಂಗಾಮಿಗೆ ತಗೊಂಡ ಎರಡು ಮೊತ್ತ ಓದಿದಳು. ಆಮೇಲೆ ನಿಲ್ಲಿಸಿದಳು. ಅಂಗಳದ ಮಾಲೀಕರ ಗುಮಾಸ್ತ ಅಲ್ಲೇ ತೂಕದ ಹತ್ತಿರ ನಿಂತಿದ್ದ.

ಆ ತಾಯಿ ಕೈಯಲ್ಲಿದ್ದ ಕಾಯಿಯ ತುಂಬು ಕಿತ್ತು ಬುಟ್ಟಿಗೆ ಹಾಕಿದಳು. ಇನ್ನೊಂದು ತಗೊಂಡಳು. ನನ್ನ ಕಡೆ ನೋಡದೆ ಹೇಳಿದಳು: "ತಂಗಿ, ನೀ ಕೇಳಿದಿ, ನಾ ಹೇಳಿದೆ. ಇವರಿಗೆಲ್ಲಾ ಓದಿ ಹೇಳು ಅಂದಿದ್ನೇನು?"

ಮರುವಾರದಿಂದ ಆಕೆ ಆ ಅಂಗಳಕ್ಕೆ ಬರಲಿಲ್ಲ. ಬಿಟ್ಟಳೋ ಬಿಡಿಸಿದರೋ, ಕೇಳಲು ನನಗೆ ಬಾಯಿ ಬರಲಿಲ್ಲ.

ಇದರಲ್ಲಿ ಪ್ರಕಾಶಕರ ಪಾಲು ಎಷ್ಟು, ನನ್ನದು ಎಷ್ಟು ಎಂದು ಬಹಳ ದಿನ ತೂಗಿ ನೋಡಿದ್ದೇನೆ. ಒಬ್ಬ ಸಂಪಾದಕ ಅರ್ಧ ಗಂಟೆ ಓದಿದ್ದರೂ ಆ ಅನುಬಂಧವನ್ನು ಎತ್ತಿ ಆಚೆ ಇಡುತ್ತಿದ್ದ, ನಿಜ. ಆದರೆ ಆ ಹೆಸರುಗಳನ್ನು ಬರೆದದ್ದು ನಾನು. ಮಾತು ಕೊಟ್ಟದ್ದೂ ನಾನು, "ನಿಮ್ಮ ಹೆಸರು ಹೊರಗೆ ಬರಲ್ಲ ಯವ್ವಾ" ಎಂದು. ಶೋಧಗಂಗಾದಲ್ಲಿ ಹಾಕುವಾಗಲೇ ತೆಗೆಯಬೇಕಿತ್ತು. ಆ ಪ್ರತಿಯಿಂದ ತೆಗೆಸಲು ಈಗ ವಿಶ್ವವಿದ್ಯಾಲಯಕ್ಕೆ ಪತ್ರ ಕೊಟ್ಟು ಓಡಾಡುತ್ತಿದ್ದೇನೆ.

ಆಮೇಲೆ ಒಂದು ಪ್ರತಿ ಹಿಡಿದು ಗದಗಕ್ಕೆ ಹೋದೆ. ಗದಗವನ್ನು ಮುದ್ರಣ ಕಾಶಿ ಎನ್ನುತ್ತಾರೆ, ಗೊತ್ತಲ್ಲ. ನಮ್ಮ ದೂರದ ಸಂಬಂಧದ ಕಾಕಾ ಒಬ್ಬರು ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದಾರೆ. ಪುಸ್ತಕವನ್ನು ನಡುವೆ ಬಿಚ್ಚಿ ಬೆನ್ನು ಒತ್ತಿದರು. ಚಟ್ ಎಂದಿತು. ಎರಡು ಹಾಳೆ ಕೈಗೆ ಬಂದವು. "ಹೊಲಿಗಿ ಇಲ್ಲ, ಬರೇ ಗಮ್ಮು. ಡೆಮಿ ಒಂದು ಎಂಟು ಸೈಜಿನಾಗ 352 ಪುಟ, ಹದಿನಾರು ಪುಟಕ್ಕ ಒಂದು ಫಾರಂ ಅಂದ್ರ 22 ಫಾರಂ. ಇದಕ್ಕ ಅಷ್ಟು ರೊಕ್ಕ ಎಲ್ಲಿ ಹತ್ತತಾವ ತಂಗಿ? ಅರ್ಧ ಸೈತ ಹತ್ತೂದಿಲ್ಲ" ಎಂದರು. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅವರು ಬೈಯಲಿಲ್ಲ. ಚಸ್ಮಾ ಹಾಕಿಕೊಂಡು ಓದಲು ಶುರು ಮಾಡಿದರು. ಊಟದ ಹೊತ್ತಾದರೂ ಏಳಲಿಲ್ಲ.

ಕೊನೆಗೆ ಹೇಳಿದ್ದು ಇದು: "ನಾ ಏನ್ ಕಲ್ತಾಂವ ಅಲ್ಲ. ಆದ್ರ ಇದರಾಗ ಮೆಣಸಿನಕಾಯಿ ಘಾಟು ಬರೂದು ತೊಂಬತ್ತೇಳನೇ ಪುಟಕ್ಕ. ಅಲ್ಲೀತನ ಯಾರ್ಯಾರ್ ಏನೇನ್ ಅಂದಾರ ಅನ್ನೂದ ಐತಿ."

ಪ್ರಬಂಧ ಮತ್ತು ಪುಸ್ತಕದ ವ್ಯತ್ಯಾಸದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ, ಪೂರ್ವಾಧ್ಯಯನಗಳ ಸಮೀಕ್ಷೆ, ಇವೆಲ್ಲ ನಾನು ಓದಿಕೊಂಡಿದ್ದೇನೆ ಎಂದು ಇಬ್ಬರು ಮೂವರು ಪರೀಕ್ಷಕರಿಗೆ ಒಪ್ಪಿಸಿದ ಲೆಕ್ಕ. ದುಡ್ಡು ಕೊಟ್ಟು ಪುಸ್ತಕ ತಗೊಂಡವರಿಗೆ ಆ ಲೆಕ್ಕ ಯಾಕೆ ಬೇಕು? ಪ್ರತಿ ಅಧ್ಯಾಯದ ಶುರುವಿನಲ್ಲಿ "ಈ ಅಧ್ಯಾಯದಲ್ಲಿ ಹೀಗೆ ಚರ್ಚಿಸಲಾಗುವುದು", ಕೊನೆಯಲ್ಲಿ "ಹೀಗೆ ಚರ್ಚಿಸಲಾಯಿತು". ಅವನ್ನು ತೆಗೆದರೇ ಮೂವತ್ತು ಪುಟ ಹೋಗುತ್ತದೆ. ಸುಮ್ನೆ ಹೇಳುತ್ತಿಲ್ಲ, ತೆಗೆದು ಎಣಿಸಿದ್ದೇನೆ.

ಸರಿ, ಹೊಸದಾಗಿ ಬರೆಯೋಣ ಎಂದು ಹೊರಟೆ. ಎರಡು ಅಧ್ಯಾಯ ಬರೆದು ಒಂದು ಒಳ್ಳೆಯ ಪ್ರಕಾಶನಕ್ಕೆ ತೋರಿಸಿದೆ. ಅವರಿಗೆ ಹಿಡಿಸಿತು. ಎರಡನೇ ಭೇಟಿಯಲ್ಲಿ ಕೇಳಿದರು: "ಇದು ಆಗಲೇ ಬಂದದ ಅಲ್ರಿ? ಹಕ್ಕು ಯಾರ ಹತ್ರ ಅದ?" ಮನೆಗೆ ಬಂದು ಆ ಬಾಂಡ್ ಪೇಪರ್ ತೆಗೆದು ಮೊದಲ ಸಲ ಪೂರ್ತಿ ಓದಿದೆ. "ಎಲ್ಲ ರೂಪಗಳಲ್ಲಿ, ಎಲ್ಲ ದೇಶಗಳಲ್ಲಿ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ" ಎಲ್ಲ ಅವರಿಗೆ. ಗೌರವಧನ: ಹತ್ತು ಪ್ರತಿಗಳು.

ಧಾರವಾಡದಲ್ಲಿ ಪರಿಚಯದ ವಕೀಲರಿಗೆ ತೋರಿಸಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಅದು ಐದೇ ವರ್ಷ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. "ಆ ಎರಡು ಸಾಲು ಖಾಲಿ ಇದ್ದಿದ್ರ ನಿಮಗ ಛಲೋ ಇತ್ತು. ನಿಮ್ಮವರು ತುಂಬಿಸೇ ಇಟ್ಟಾರಲ್ರಿ" ಎಂದು ನಕ್ಕರು. ಪೂರ್ಣ ಅವಧಿ ಎಂದರೆ ನಾನು ಬದುಕಿರುವಷ್ಟು ದಿನ, ಆಮೇಲೆ ಇನ್ನೂ 60 ವರ್ಷ. ನೋಟಿಸ್ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಬೋರ್ಡು ಬದಲಾದ ಸುದ್ದಿ ಆ ಹುಡುಗನಿಂದಲೇ ನನಗೆ ಗೊತ್ತಾದದ್ದು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲ ಭೇಟಿಯಲ್ಲಿ ಅವರು ಪುಟ ಎಷ್ಟು ಎಂದು ಕೇಳುತ್ತಾರೋ, ಯಾರ ಬಗ್ಗೆ ಬರೆದಿದ್ದೀ ಎಂದು ಕೇಳುತ್ತಾರೋ ನೋಡು. ಅವರು ಹಿಂದೆ ತಂದ ಎರಡು ಪುಸ್ತಕ ಕೇಳಿ ತಗೊಂಡು ಹತ್ತು ಪುಟ ಓದು. "ವಷರ್" ಕಂಡರೆ ಚಹಾ ಕುಡಿದು ಎದ್ದು ಬಾ. ಕರಾರಿನಲ್ಲಿ ಅವಧಿಯನ್ನು ನೀನೇ ಬರೆಸು. ಮತ್ತು ಊರವರ ಹೆಸರು ಬದಲಿಸಿದೆ ಎಂದು ನಿಶ್ಚಿಂತೆಯಿಂದ ಇರಬೇಡ. ಬ್ಯಾಡಗಿಯಂಥ ಊರಲ್ಲಿ "ಎರಡು ಹೆಣ್ಣುಮಕ್ಕಳ ತಾಯಿ, ಎಡಗೈ ಹೆಬ್ಬೆರಳು ಇಲ್ಲ" ಎಂದು ಬರೆದರೆ ಹೆಸರು ಬೇಕಾಗುವುದೇ ಇಲ್ಲ. ಅವನು ತಲೆಯಾಡಿಸಿದ. ಹುಬ್ಬಳ್ಳಿಗೆ ಹೋದನೋ ಇಲ್ಲವೋ ಗೊತ್ತಿಲ್ಲ. ಹತ್ತು ಅಂಕದ ಆಸೆ ನನಗೂ ಗೊತ್ತು.

ಬ್ಯಾಡಗಿಯಲ್ಲಿ ಕೊಟ್ಟ ಮೂವತ್ತರಲ್ಲಿ 26 ವಾಪಸ್ ತಂದಿದ್ದೇನೆ. ಮನೆಯಲ್ಲಿದ್ದ ಪ್ರತಿಗಳಿಂದ ಪುಟ 317ರಿಂದ 340ರವರೆಗೆ ಬ್ಲೇಡು ಹಾಕಿ ಕತ್ತರಿಸಿದೆ. ಹನ್ನೆರಡು ಹಾಳೆ ತೆಗೆದ ಮೇಲೆ ಗಮ್ಮು ಸಡಿಲವಾಗಿ ಅಕ್ಕಪಕ್ಕದವೂ ಉದುರಿದವು. ಉದುರಲಿ ಬಿಡಿ. ಆ "ಲೈಬ್ರರಿಗೆ" ಹೋದ 120 ಪ್ರತಿ ಮಾತ್ರ ಎಲ್ಲಿವೆಯೋ ತಿಳಿಯದು. ಮುಖಪುಟದ ಮೇಲೆ ನುಣುಪಾದ ವಿದೇಶಿ ಮೆಣಸಿನಕಾಯಿ ಇರುವ, ಬ್ಯಾಡಗಿಯ ತುಂಬು ಬಿಡಿಸುವವರ ಬಗೆಗಿನ ದಪ್ಪ ಪುಸ್ತಕ ನಿಮ್ಮ ಕಾಲೇಜಿನಲ್ಲೋ ಊರ ಗ್ರಂಥಾಲಯದಲ್ಲೋ ಕಂಡರೆ ದಯವಿಟ್ಟು ಇಲ್ಲೇ ತಿಳಿಸಿ. ನಾನೇ ಬಂದು ಗ್ರಂಥಪಾಲಕರ ಹತ್ತಿರ ಮಾತಾಡುತ್ತೇನೆ. ಬೇರೆ ಪುಸ್ತಕ ಕೊಟ್ಟು ಅದನ್ನು ತಗೊಂಡು ಬರುತ್ತೇನೆ.