ಎಸ್ಸೆಸ್ಸೆಲ್ಸಿ ಆಯ್ತು, ಮಗ ಇನ್ನೆಷ್ಟು ವರ್ಷ ಓದಬೇಕು?

ಪಿಯುಸಿ, ಡಿಪ್ಲೊಮಾ, ಐಟಿಐ. ಯಾವುದಕ್ಕೆ ಸೇರಿಸೋದು ಅಂತ ಯೋಚಿಸುತ್ತಿದ್ದರೆ ಮೊದಲು ವರ್ಷಗಳ ಲೆಕ್ಕ ಹಾಕಿ.

ಪಿಯುಸಿ 2 ವರ್ಷ. ಅಲ್ಲಿಗೇ ನಿಲ್ಲಿಸಿದರೆ ಕೈಗೆ ಕಸುಬು ಬರುವುದಿಲ್ಲ. ಮುಂದೆ ಬಿಎ, ಬಿಕಾಂಗೆ ಕನಿಷ್ಠ 3 ವರ್ಷ, ಎಂಜಿನಿಯರಿಂಗ್ ಆದರೆ 4 ಸೇರಿಸಿಕೊಳ್ಳಿ. ಡಾಕ್ಟರ್ ಆಗುವ ಆಸೆ ಇದ್ದರೆ ಮಾತ್ರ ಬೇರೆ ಯೋಚನೆಯೇ ಬೇಡ, ಸೈನ್ಸ್ ಪಿಯುಸಿಯೇ ದಾರಿ.

ಡಿಪ್ಲೊಮಾ 3 ವರ್ಷ. ಮುಗಿಸಿ ಕೆಲಸಕ್ಕೂ ಹೋಗಬಹುದು, ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೂ ಸೇರಬಹುದು. ಪಿಯುಸಿ ಮಾಡಿ ಬಿಇಗೆ ಹೋದರೆ 2+4, ಹೀಗೆ ಹೋದರೆ 3+3. ಎರಡೂ 6 ವರ್ಷವೇ ಅಲ್ವಾ? ಸುಮ್ನೆ ಒಂದು ವರ್ಷ ದಂಡ ಆಗುತ್ತೆ ಅನ್ನುವ ಭಯ ಬೇಡ. ಆದರೆ ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂತ ಡಿಪ್ಲೊಮಾಗೆ ಸೇರಿಸಬೇಡಿ. ಅಲ್ಲೂ ಗಣಿತ ಇದ್ದೇ ಇದೆ.

ಐಟಿಐಯಲ್ಲಿ ವೆಲ್ಡರ್‌ಗೆ 1 ವರ್ಷ, ಫಿಟ್ಟರ್, ಎಲೆಕ್ಟ್ರೀಷಿಯನ್‌ಗೆ 2 ವರ್ಷ. ನಮ್ಮ ಬೀದಿಯ ಹುಡುಗನೊಬ್ಬ ಫಿಟ್ಟರ್‌ಗೆ ಸೇರಿದ. ವೈಸಿಗೆ ಸಿಕ್ಕಿಸಿದ ಕಬ್ಬಿಣದ ತುಂಡಿಗೆ ಅರ ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆ. ಸಂಜೆ ಮನೆಗೆ ಬಂದು ಅದನ್ನೇ ಅಮ್ಮನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದ. ಓದು ಸಾಕು ಅಂದಿದ್ದ ಹುಡುಗ ಅವನು! 2 ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ದುಡ್ಡಿನ ತಾಪತ್ರಯ ಜಾಸ್ತಿ ಇದೆ, ಹತ್ತನೇ ಕ್ಲಾಸಿಗೇ ನಿಲ್ಲಿಸಿ ಗ್ಯಾರೇಜಿಗೆ ಹಾಕೋಣ ಅಂದುಕೊಂಡಿದ್ದರೆ, ದಯವಿಟ್ಟು ಒಮ್ಮೆ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಫೀಸು ವಿಚಾರಿಸಿ ಬನ್ನಿ.